ಅಪ್ಪನಿಗೆ ಪಾರ್ಕಿನ್ಸನ್, ನನ್ನ ರಿಪೋರ್ಟಿನಲ್ಲಿ ಜಿಬಿಎ1: ನನಗೂ ಬರುತ್ತಾ?

ಪ್ರಶ್ನೆ: ನಾನು 38 ವರ್ಷದ ಮಹಿಳೆ. ನಮ್ಮ ತಂದೆಗೆ 66ನೇ ವಯಸ್ಸಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. ಈಗ ಅವರಿಗೆ 71. ಹೋದ ತಿಂಗಳು ನಾನೂ ನನ್ನ ತಮ್ಮನೂ ಎಂಜಲು ಕಳಿಸಿ ಮಾಡಿಸುವ ಜೀನ್ ಟೆಸ್ಟ್ ಮಾಡಿಸಿದೆವು. ನನ್ನ ರಿಪೋರ್ಟಿನಲ್ಲಿ ‘ಜಿಬಿಎ1 ಜೀನಿನಲ್ಲಿ ಎನ್370ಎಸ್ ವೇರಿಯಂಟ್, ಒಂದು ಪ್ರತಿ, ಪಾರ್ಕಿನ್ಸನ್ ಅಪಾಯ ಹೆಚ್ಚು’ ಎಂದು ಬಂದಿದೆ. ತಮ್ಮನಿಗೆ ಏನೂ ಇಲ್ಲವಂತೆ. ನಮ್ಮ ದೊಡ್ಡಪ್ಪನಿಗೆ 80 ದಾಟಿದೆ, ಗಟ್ಟಿಮುಟ್ಟಾಗಿದ್ದಾರೆ. ಅದೊಂದೇ ನನಗೆ ಧೈರ್ಯ. ರಿಪೋರ್ಟ್ ಬಂದಾಗಿನಿಂದ ನಿದ್ದೆ ಇಲ್ಲ. ಲೋಟ ಹಿಡಿದರೆ ಕೈ ನಡುಗಿದ ಹಾಗೆ ಅನಿಸುತ್ತದೆ. ನನಗೂ ಈ ಕಾಯಿಲೆ ಬರುವುದು ಖಂಡಿತವೇ? 10 ವರ್ಷದ ಮಗಳಿಗೂ ಟೆಸ್ಟ್ ಮಾಡಿಸಬೇಕೇ? ಈಗಿನಿಂದಲೇ ಔಷಧಿ ಏನಾದರೂ ತೆಗೆದುಕೊಳ್ಳಬಹುದೇ?

ಉತ್ತರ: ಮೊದಲು ಆ ಲೋಟದ ವಿಷಯ ಮುಗಿಸಿಬಿಡೋಣ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕಾಣುವುದು ಕೈಗೆ ಕೆಲಸವಿಲ್ಲದಾಗ. ಕೈ ಸುಮ್ನೆ ತೊಡೆಯ ಮೇಲಿರುತ್ತದೆ, ಆಗ ಸೆಕೆಂಡಿಗೆ 4ರಿಂದ 6 ಸಲ ಅಲುಗುತ್ತದೆ. ಸಾಮಾನ್ಯವಾಗಿ ಒಂದೇ ಕಡೆ ಶುರುವಾಗುತ್ತದೆ. ಅದೇ ಕೈಯನ್ನು ಲೋಟದ ಕಡೆ ಚಾಚಿದರೆ ನಡುಕ ಕಡಿಮೆಯಾಗುತ್ತದೆ. ನೀವು ಬರೆದಿರುವುದು ಅದರ ಉಲ್ಟಾ. ಹಿಡಿದಾಗ ಬರುವ ಸಣ್ಣ ನಡುಕ ನಿದ್ದೆಗೆಟ್ಟವರಿಗೆ, ಗಾಬರಿಯಲ್ಲಿರುವವರಿಗೆ, ಕಾಫಿ ಜಾಸ್ತಿ ಕುಡಿದವರಿಗೆ ಎಲ್ಲರಿಗೂ ಇರುತ್ತದೆ. ಒಂದು ತಿಂಗಳಿಂದ ನಿದ್ದೆ ಮಾಡದ ಮನುಷ್ಯ ತನ್ನ ಕೈಯನ್ನೇ ದಿಟ್ಟಿಸಿ ನೋಡುತ್ತಾ ಕೂತರೆ ಕೈ ನಡುಗದೆ ಇನ್ನೇನು ಮಾಡೀತು? ಹಾಗೆಂದು ಪತ್ರ ಓದಿಯೇ ಕಾಯಿಲೆ ಇಲ್ಲ ಎಂದು ಬರೆದುಕೊಡಲು ಆಗುವುದಿಲ್ಲ. ನಿದ್ದೆ ಸರಿಹೋದ ಮೇಲೂ ನಡುಕ ಉಳಿದರೆ ಒಬ್ಬ ನರರೋಗ ತಜ್ಞರಿಗೆ ತೋರಿಸಿ. ಕೈಕಾಲು ಆಡಿಸಿ, ನಡೆಸಿ ನೋಡಿ ಹೇಳುತ್ತಾರೆ. ಅದಕ್ಕೆ ಜೀನ್ ರಿಪೋರ್ಟ್ ಬೇಕಾಗಿಲ್ಲ.

ಈಗ ದೊಡ್ಡ ಪ್ರಶ್ನೆ. ಖಂಡಿತವೇ ಎಂದು ಕೇಳಿದ್ದೀರಿ. ಅಲ್ಲ. ಇನ್ನೂ ಸ್ಪಷ್ಟವಾಗಿ ಹೇಳುತ್ತೇನೆ: ಬಾರದೇ ಇರುವ ಸಾಧ್ಯತೆಯೇ ಜಾಸ್ತಿ, ಅದೂ ತುಂಬಾ ಜಾಸ್ತಿ.

ಲೆಕ್ಕ ನೋಡಿ. ವೇರಿಯಂಟ್ ಎಂದರೆ ಜೀನಿನ ಬರಹದಲ್ಲಿ ಒಂದು ಸಣ್ಣ ಬದಲಾವಣೆ. ಈ ಜೀನು ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ನಿಮ್ಮಲ್ಲಿ ಒಂದರಲ್ಲಿ ಮಾತ್ರ ಬದಲಾವಣೆ ಇದೆ. ಯಾವ ವೇರಿಯಂಟೂ ಇಲ್ಲದ 100 ಜನರನ್ನು ಹಿಡಿದರೆ ಇಡೀ ಆಯುಸ್ಸಿನಲ್ಲಿ ಪಾರ್ಕಿನ್ಸನ್ ಬರುವುದು ಒಬ್ಬಿಬ್ಬರಿಗೆ. ಜಿಬಿಎ1 ವೇರಿಯಂಟ್ ಒಂದು ಪ್ರತಿ ಇರುವ 100 ಜನರನ್ನು ಹಿಡಿದರೆ, 80 ವರ್ಷ ಆಗುವಷ್ಟರಲ್ಲಿ ಸುಮಾರು 8ರಿಂದ 30 ಜನರಿಗೆ ಬಂದಿರುತ್ತದೆ. ಅಂದರೆ 70ರಿಂದ 92 ಜನ ಆ ವೇರಿಯಂಟನ್ನು ಹೊತ್ತುಕೊಂಡೇ ಓಡಾಡಿಕೊಂಡು, ಅದರ ಹೆಸರೂ ಕೇಳದೆ ಮುದುಕರಾಗಿರುತ್ತಾರೆ.

‘8ರಿಂದ 30’ ಎಂದರೆ ಇಷ್ಟು ದೊಡ್ಡ ಅಂತರ ಯಾಕೆ ಎಂದು ನೀವು ಕೇಳಬೇಕು. ಕೇಳುವ ಪ್ರಶ್ನೆಯೇ ಅದು. ಸಂಶೋಧಕರು ಯಾರನ್ನು ಎಣಿಸಿದರು ಎಂಬುದರ ಮೇಲೆ ಈ ಸಂಖ್ಯೆ ನಿಂತಿದೆ. ಈಗಾಗಲೇ ಇಬ್ಬರು ಮೂವರಿಗೆ ಪಾರ್ಕಿನ್ಸನ್ ಇರುವ ಮನೆತನಗಳನ್ನೇ ಹುಡುಕಿ ಅಲ್ಲಿ ಎಣಿಸಿದರೆ ಸಂಖ್ಯೆ ಮೇಲೆ ಹೋಗುತ್ತದೆ. ಆ ಮನೆತನಗಳಲ್ಲಿ ಈ ವೇರಿಯಂಟ್ ಜೊತೆಗೆ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ, ಅಲ್ವಾ? ಬೇರೆ ಕಾರಣಕ್ಕೆ ಜೀನ್ ನೋಡಿಸಿಕೊಂಡವರಲ್ಲಿ ಎಣಿಸಿದರೆ ಸಂಖ್ಯೆ ಕೆಳಗಿಳಿಯುತ್ತದೆ. ಎರಡೂ ಸುಳ್ಳಲ್ಲ. ಇದರ ಮೇಲೆ, ಜಿಬಿಎ1ರ ಎಲ್ಲ ವೇರಿಯಂಟುಗಳೂ ಒಂದೇ ತೂಕದವಲ್ಲ. ಎಲ್444ಪಿ ಎಂಬುದು ಗಟ್ಟಿ ಏಟು. ನಿಮ್ಮ ಎನ್370ಎಸ್ ಸೌಮ್ಯ ಗುಂಪಿಗೆ ಸೇರಿದ್ದು. ಹಾಗಾಗಿ ನೀವು ಆ ಅಂತರದ ಕೆಳಗಿನ ತುದಿಗೆ ಹತ್ತಿರ. ತಂದೆಗೆ ಕಾಯಿಲೆ ಇರುವುದರಿಂದ ತೀರಾ ಕೆಳಗಲ್ಲ, ಅಷ್ಟೇ.

ರಿಪೋರ್ಟುಗಳು ಸಾಮಾನ್ಯವಾಗಿ ‘5 ಪಟ್ಟು’ ಎಂಬ ಮಾತನ್ನು ಬಳಸುತ್ತವೆ. ಅದು ಬಂದಿರುವುದು 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. ಎಲೆನ್ ಸಿಡ್ರಾನ್ಸ್ಕಿ ಅವರ ಮುಂದಾಳತ್ವದಲ್ಲಿ ಬೇರೆ ಬೇರೆ ದೇಶಗಳ 16 ಕೇಂದ್ರಗಳು ಸೇರಿ 5,691 ರೋಗಿಗಳನ್ನೂ ಕಾಯಿಲೆ ಇಲ್ಲದ 4,898 ಜನರನ್ನೂ ಹೋಲಿಸಿದವು. ರೋಗಿಗಳಲ್ಲಿ ಜಿಬಿಎ1 ವೇರಿಯಂಟ್ ಸಿಗುವ ಸಂಭವ 5 ಪಟ್ಟಿಗಿಂತ ಸ್ವಲ್ಪ ಹೆಚ್ಚಿತ್ತು. ಅಂಕಿ ಸರಿಯಾಗಿಯೇ ಇದೆ. ಆದರೆ ‘5 ಪಟ್ಟು’ ಎಂದು ಒಂದೇ ಸಾಲಿನಲ್ಲಿ ಬರೆದು, ಯಾವುದರ 5 ಪಟ್ಟು ಎಂದು ಹೇಳದೆ ಬಿಟ್ಟರೆ ಓದುವವರ ಎದೆ ಒಡೆಯುತ್ತದೆ. ನೂರಕ್ಕೆ ಒಂದೂವರೆಯ 5 ಪಟ್ಟು ಎಂದರೆ ಏಳೆಂಟು. ಮೇಲಿನ ಲೆಕ್ಕದ ಕೆಳತುದಿ ಅದೇ. ಇದನ್ನು ಬಿಡಿಸಿ ಹೇಳದ ರಿಪೋರ್ಟುಗಳ ಮೇಲೆ ನನಗೆ ಸಿಟ್ಟಿದೆ.

ಈ ಜಿಬಿಎ1 ಪಾರ್ಕಿನ್ಸನ್ ಕತೆಯೊಳಗೆ ಬಂದ ದಾರಿಯೇ ಸ್ವಾರಸ್ಯದ್ದು. ಅದು ಮೊದಲಿಗೆ ಮೆದುಳಿನ ಕಾಯಿಲೆಯ ಜೀನೇ ಅಲ್ಲ. 1882ರಲ್ಲಿ ಫಿಲಿಪ್ ಗೋಶೆ ಎಂಬ ಫ್ರೆಂಚ್ ವೈದ್ಯ ವಿವರಿಸಿದ, ಗುಲ್ಮ ಮತ್ತು ಯಕೃತ್ತು ಊದಿಕೊಳ್ಳುವ, ಮೂಳೆ ದುರ್ಬಲವಾಗುವ ಒಂದು ಅಪರೂಪದ ಕಾಯಿಲೆ ಇದೆ. ಗೋಶೆ ಕಾಯಿಲೆ ಅನ್ನುತ್ತಾರೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜಿಬಿಎ1ರ ಎರಡೂ ಪ್ರತಿಗಳು ಕೆಟ್ಟಿದ್ದರೆ ಅದು ಬರುತ್ತದೆ. ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಅವರು ಬರೀ ‘ಹೊರುವವರು’ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಆದರೆ ಗೋಶೆ ರೋಗಿಗಳನ್ನು ನೋಡುತ್ತಿದ್ದ ವೈದ್ಯರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ರೋಗಿಗಳಲ್ಲಿ ಕೆಲವರಿಗೆ, ಅವರ ಅಪ್ಪ ಅಮ್ಮಂದಿರಲ್ಲಿ, ಅಜ್ಜ ಅಜ್ಜಿಯರಲ್ಲಿ ಕೆಲವರಿಗೆ ಪಾರ್ಕಿನ್ಸನ್ ಇತ್ತು. ಮನೆಯವರ ಬಗ್ಗೆ ಒಂದು ಮಾತು ಹೆಚ್ಚಿಗೆ ಕೇಳಿದ್ದರಿಂದ ಸಿಕ್ಕ ಸುಳಿವು ಇದು.

ಜಿಬಿಎ1 ಮಾಡುವ ಕೆಲಸ ಇಷ್ಟು. ಪ್ರತಿ ಜೀವಕೋಶದಲ್ಲೂ ಲೈಸೋಸೋಮ್ ಎಂಬ ಸಣ್ಣ ಚೀಲಗಳಿವೆ. ಕೋಶದ ಕಸ ಅಲ್ಲಿ ಕರಗುತ್ತದೆ. ಒಂದು ಬಗೆಯ ಕೊಬ್ಬನ್ನು ಕರಗಿಸುವ ಕಿಣ್ವವನ್ನು ಜಿಬಿಎ1 ತಯಾರಿಸುತ್ತದೆ. ಕಿಣ್ವ ಕಡಿಮೆಯಾದರೆ ಕಸ ನಿಲ್ಲುತ್ತದೆ. ಮೆದುಳಿನಲ್ಲಿ ಹಾಗೆ ನಿಲ್ಲುವ ಪದಾರ್ಥಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಮುಖ್ಯವಾದದ್ದು. ಅದು ಗಂಟುಕಟ್ಟಿಕೊಳ್ಳುತ್ತದೆ. ಇನ್ನೊಂದು ಕಡೆ, ಗಂಟುಕಟ್ಟಿದ ಸಿನ್ಯೂಕ್ಲಿನ್ ಅದೇ ಕಿಣ್ವ ಲೈಸೋಸೋಮ್ ತಲುಪುವ ದಾರಿಗೆ ಅಡ್ಡ ಬರುತ್ತದೆ. ಕಿಣ್ವ ಇನ್ನೂ ಕಡಿಮೆಯಾಗುತ್ತದೆ, ಗಂಟು ಇನ್ನೂ ಹೆಚ್ಚುತ್ತದೆ. ಮೋರಿ ಕಟ್ಟಿಕೊಂಡಾಗ ಹೇಗೋ ಹಾಗೆ: ನೀರು ನಿಂತದ್ದಕ್ಕೆ ಕಸ ಸೇರುತ್ತದೆ, ಕಸ ಸೇರಿದ್ದಕ್ಕೆ ನೀರು ನಿಲ್ಲುತ್ತದೆ. ಆದರೆ ಒಂದು ಪ್ರತಿ ಸರಿಯಿರುವ ನಿಮ್ಮಂಥವರಲ್ಲಿ ಮೋರಿ ಕಟ್ಟಿಲ್ಲ, ಸ್ವಲ್ಪ ಕಿರಿದಾಗಿದೆ ಅಷ್ಟೇ. ಹೆಚ್ಚಿನವರಲ್ಲಿ ಆ ಕಿರಿದಾದ ಮೋರಿಯೇ ಜೀವನಪೂರ್ತಿ ಸಾಕಾಗುತ್ತದೆ.

ಸಿನ್ಯೂಕ್ಲಿನ್ ಮಾತು ಬಂದದ್ದಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1817ರಲ್ಲಿ, ಬರೀ ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡಷ್ಟೇ. ಅಲ್ಲಿಂದ 180 ವರ್ಷ, ಇದು ವಂಶದಲ್ಲಿ ಬರುವ ಕಾಯಿಲೆ ಅಲ್ಲ ಎಂದೇ ಬಹಳ ಜನ ನಂಬಿದ್ದರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕದ್ದುಮುಚ್ಚಿ ತಯಾರಿಸಿದ ಮಾದಕ ವಸ್ತು ಚುಚ್ಚಿಕೊಂಡು, ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷದಿಂದ ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ರೋಗಿಗಳ ಹಾಗೆ ಬಿಗಿದುಕೊಂಡು ಕೂತರು. ಆಗ ಈ ನಂಬಿಕೆ ಇನ್ನೂ ಗಟ್ಟಿಯಾಯಿತು: ಕಾರಣ ಹೊರಗಿನದು, ಒಳಗಿನದಲ್ಲ.

1997ರಲ್ಲಿ ಅದು ಮುರಿಯಿತು. ಇಟಲಿಯ ದಕ್ಷಿಣದ ಕೊಂತುರ್ಸಿ ಎಂಬ ಊರಿನ ಒಂದು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಯಿಲೆ ಬರುತ್ತಿತ್ತು. ಆ ಮನೆತನದವರಲ್ಲಿ ಸಿನ್ಯೂಕ್ಲಿನ್ ತಯಾರಿಸುವ ಎಸ್‌ಎನ್‌ಸಿಎ ಜೀನಿನಲ್ಲಿ ಒಂದು ಅಕ್ಷರದ ತಪ್ಪು ಸಿಕ್ಕಿತು. ಫ್ರೆಡ್ರಿಕ್ ಲೆವಿ ಎಂಬ ಜರ್ಮನ್ ವೈದ್ಯ 1912ರಲ್ಲಿ ರೋಗಿಗಳ ಮೆದುಳಿನಲ್ಲಿ ಸೂಕ್ಷ್ಮದರ್ಶಕದಿಂದ ಕಂಡಿದ್ದ ಗಂಟುಗಳು ಇದೇ ಪ್ರೋಟೀನಿನವು ಎಂದೂ ಅದೇ 1997ರಲ್ಲಿ ಗೊತ್ತಾಯಿತು. 2003ರಲ್ಲಿ ಅಮೆರಿಕದ ಅಯೋವಾ ಮೂಲದ ಒಂದು ಮನೆತನದಲ್ಲಿ ಕಂಡದ್ದು ಇನ್ನೂ ದೊಡ್ಡ ಪಾಠ. ಅವರ ಜೀನಿನಲ್ಲಿ ಅಕ್ಷರದ ತಪ್ಪು ಒಂದೂ ಇರಲಿಲ್ಲ. ಜೀನು ಎರಡರ ಬದಲು ನಾಲ್ಕು ಪ್ರತಿ ಇತ್ತು. ಅಷ್ಟಕ್ಕೇ ಕಾಯಿಲೆ ಎಳೆಯ ವಯಸ್ಸಿನಲ್ಲಿ, ಜೋರಾಗಿ ಬಂದಿತ್ತು. ಮೂರು ಪ್ರತಿ ಇರುವವರಿಗೆ ತಡವಾಗಿ, ನಿಧಾನವಾಗಿ ಬರುತ್ತದೆ. ಪ್ರೋಟೀನ್ ಒಳ್ಳೆಯದೇ ಆಗಿದ್ದರೂ ಅದರ ಪ್ರಮಾಣ ಹೆಚ್ಚಾದರೆ ಸಾಕು ಎಂದಾಯಿತು.

ಇಂಥವು ಬಲವಾದ ಜೀನ್ ಬದಲಾವಣೆಗಳು, ಮತ್ತು ಬಹಳ ಅಪರೂಪ. 1998ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದ ಪಾರ್ಕಿನ್ ಜೀನೂ ಬಲವಾದದ್ದೇ, ಆದರೆ ಅದರ ದಾರಿ ಬೇರೆ. ಅಲ್ಲಿ ಎರಡೂ ಪ್ರತಿಗಳು ಕೆಟ್ಟಿರಬೇಕು. ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿಯೇ ಇರುತ್ತಾರೆ. ಮಗನಿಗೋ ಮಗಳಿಗೋ 20, 30ರ ಹರೆಯದಲ್ಲಿ ಕಾಲು ಎಳೆಯಲು ಶುರುವಾಗುತ್ತದೆ. 66ಕ್ಕೆ ಶುರುವಾದ ನಿಮ್ಮ ತಂದೆಯ ಕತೆ ಅದಲ್ಲ.

ಇಂಥ ಬಲವಾದ ಜೀನುಗಳಿಗೂ ನಿಮ್ಮ ಜಿಬಿಎ1ಗೂ ನಡುವೆ ಬರುವ ಜೀನು ಎಲ್‌ಆರ್‌ಆರ್‌ಕೆ2. ಇದು 2004ರಲ್ಲಿ ಸಿಕ್ಕಿತು. ಸಿಕ್ಕ ಮನೆತನಗಳಲ್ಲಿ ಕೆಲವು ಸ್ಪೇನಿನ ಬಾಸ್ಕ್ ಪ್ರದೇಶದವು, ಆದ್ದರಿಂದ ಬಾಸ್ಕ್ ಭಾಷೆಯಲ್ಲಿ ನಡುಕಕ್ಕೆ ಇರುವ ಮಾತಿನಿಂದ ಆ ಪ್ರೋಟೀನಿಗೆ ‘ಡಾರ್ಡರಿನ್’ ಎಂದು ಹೆಸರಿಟ್ಟರು. ಇದರ ಜಿ2019ಎಸ್ ವೇರಿಯಂಟ್ ಉತ್ತರ ಆಫ್ರಿಕಾದ ಅರಬ್-ಬರ್ಬರ್ ಮೂಲದ ಪಾರ್ಕಿನ್ಸನ್ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸಿಗುತ್ತದೆ. ಏಷ್ಯಾದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ತಮಗೂ ತಮ್ಮ ತಾಯಿಗೂ ಇದೇ ವೇರಿಯಂಟ್ ಇದೆ ಎಂದು 2008ರಲ್ಲಿ ತಾವೇ ಬರೆದರು. ತಾಯಿಗೆ ಕಾಯಿಲೆ ಇತ್ತು, ಅವರಿಗೆ ಇರಲಿಲ್ಲ. ಈ ವೇರಿಯಂಟ್ ಜಿಬಿಎ1ಗಿಂತ ಭಾರವಾದದ್ದು. ಆದರೂ ಇದನ್ನು ಹೊತ್ತವರಲ್ಲೂ ಬಹಳ ಜನ 80 ದಾಟಿಯೂ ಆರಾಮಾಗಿರುತ್ತಾರೆ.

ಈಗ ನಿಮ್ಮ ಪತ್ರಕ್ಕೆ ವಾಪಸು ಬರೋಣ. ಅದರಲ್ಲಿ ನೀವು ಬರೆಯದೇ ನಂಬಿಕೊಂಡಿರುವ ಒಂದು ವಿಷಯ ಇದೆ. ಈ ವೇರಿಯಂಟ್ ಅಪ್ಪನಿಂದ ಬಂತು, ಅಪ್ಪನ ಕಾಯಿಲೆಗೆ ಇದೇ ಕಾರಣ ಎಂದುಕೊಂಡಿದ್ದೀರಿ. ಹಾಗೆಂದು ಯಾರು ಹೇಳಿದರು? ಅಪ್ಪನ ಟೆಸ್ಟ್ ಆಗಿಯೇ ಇಲ್ಲ. ಇದು ಅಮ್ಮನಿಂದ ಬಂದಿರಬಹುದು. ಪಾರ್ಕಿನ್ಸನ್ ರೋಗಿಗಳನ್ನೆಲ್ಲ ಒಟ್ಟಿಗೆ ಹಿಡಿದರೆ, ಇಂಥ ಹೆಸರಿಡಬಲ್ಲ ಒಂದು ಜೀನ್ ಕಾರಣ ಸಿಗುವುದು ನೂರರಲ್ಲಿ ಸುಮಾರು 10ರಿಂದ 15 ಜನರಲ್ಲಿ ಮಾತ್ರ. ಉಳಿದವರ ಮನೆಯಲ್ಲಿ ಟೆಸ್ಟ್ ಮಾಡಿಸಿದರೆ ಏನೂ ಸಿಗುವುದಿಲ್ಲ.

ಹಾಗಾಗಿ ನಮ್ಮ ವೃತ್ತಿಯಲ್ಲಿ ಒಂದು ನಿಯಮ ಇದೆ: ಮೊದಲು ಕಾಯಿಲೆ ಇರುವವರ ಟೆಸ್ಟ್, ಆಮೇಲೆ ಉಳಿದವರದ್ದು. ನಿಮ್ಮ ಮನೆಯಲ್ಲಿ ಅದು ಹಿಂದುಮುಂದಾಗಿದೆ. ಅಪ್ಪ ಒಪ್ಪಿದರೆ ಅವರ ರಕ್ತ ಕೊಟ್ಟು ಜಿಬಿಎ1 ಪೂರ್ತಿ ಓದಿಸಿ, ಉಳಿದ ಮುಖ್ಯ ಜೀನುಗಳ ಜೊತೆಗೇ. ಎನ್370ಎಸ್ ಅವರಲ್ಲೂ ಇದ್ದರೆ ನಾನು ಮೇಲೆ ಹೇಳಿದ ಲೆಕ್ಕ ನಿಮಗೆ ಹಾಗೆಯೇ ಹೊಂದುತ್ತದೆ. ಇಲ್ಲದಿದ್ದರೆ, ಅದು ಅಮ್ಮನ ಕಡೆಯದು. ಅಪ್ಪನ ಕಾಯಿಲೆಗೂ ನಿಮ್ಮ ವೇರಿಯಂಟಿಗೂ ಸಂಬಂಧ ಇಲ್ಲ ಎಂದಾಗುತ್ತದೆ. ಆಗ ಎರಡು ಬೇರೆ ಬೇರೆ ಲೆಕ್ಕ ಹಾಕಬೇಕು.

ದೊಡ್ಡಪ್ಪನ ವಿಷಯದಲ್ಲೂ ಇದೇ ಎಡವಟ್ಟು. ಅವರು ಗಟ್ಟಿಮುಟ್ಟಾಗಿರುವುದು ಸಂತೋಷ. ಆದರೆ ಅವರ ಹತ್ತಿರ ಆ ವೇರಿಯಂಟ್ ಇದೆಯೋ ಇಲ್ಲವೋ ಗೊತ್ತಿಲ್ಲದೆ ಅದು ನಿಮಗೆ ಧೈರ್ಯವೂ ಅಲ್ಲ, ಭಯವೂ ಅಲ್ಲ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದು ನಾಣ್ಯ ಚಿಮ್ಮಿದ ಹಾಗೆ. ನಿಮಗೂ ನಿಮ್ಮ ತಮ್ಮನಿಗೂ ಆಗಿರುವುದೇ ಅದು, ನೋಡಿ.

ಇನ್ನು ತಮ್ಮ. ನಿಜ ಹೇಳಬೇಕೆಂದರೆ ಈ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅವರ ‘ಏನೂ ಇಲ್ಲ’. ಮನೆಗೆ ಬರುವ ಕಿಟ್‌ಗಳು ಪೂರ್ತಿ ಜೀನನ್ನು ಓದುವುದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ 23ಆಂಡ್‌ಮಿ ಕಂಪನಿಗೆ ಪಾರ್ಕಿನ್ಸನ್ ಅಪಾಯದ ಟೆಸ್ಟನ್ನು ನೇರವಾಗಿ ಜನರಿಗೆ ಮಾರಲು ಒಪ್ಪಿಗೆ ಕೊಟ್ಟಾಗ ಅದು ನೋಡುತ್ತಿದ್ದದ್ದು ಎರಡೇ ಜಾಗ: ಎಲ್‌ಆರ್‌ಆರ್‌ಕೆ2ರ ಜಿ2019ಎಸ್, ಜಿಬಿಎ1ರ ಎನ್370ಎಸ್. ಎರಡೂ ಅಶ್ಕನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ, ಯಹೂದಿ ಮೂಲದವರಲ್ಲಿ ಹೆಚ್ಚಾಗಿ ಸಿಗುವಂಥವು. ಬೇರೆ ಜನಾಂಗಗಳಲ್ಲಿ ಎಲ್444ಪಿ ಇರಬಹುದು, ಇನ್ಯಾವುದೋ ಇರಬಹುದು. 2023ರಲ್ಲಿ ಆಫ್ರಿಕಾ ಮೂಲದವರನ್ನು, ಅದರಲ್ಲೂ ಹೆಚ್ಚಾಗಿ ನೈಜೀರಿಯಾದವರನ್ನು, ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ನೋಡಿದಾಗ ಅದೇ ಜಿಬಿಎ1ರಲ್ಲಿ ಯುರೋಪಿನವರಲ್ಲಿ ಕಾಣದ ಹೊಸ ಅಪಾಯದ ವೇರಿಯಂಟ್ ಸಿಕ್ಕಿತು. ಅಷ್ಟು ವರ್ಷ ಅಲ್ಲಿ ಯಾರೂ ನೋಡಿರಲೇ ಇಲ್ಲ. ದೊಡ್ಡ ಪುಸ್ತಕದ ಎರಡು ಪದ ಓದಿ, ಇದರಲ್ಲಿ ತಪ್ಪೇ ಇಲ್ಲ ಎಂದರೆ ನಂಬುತ್ತೀರಾ? ನಿಮ್ಮ ತಮ್ಮನಿಗೂ ಅಪ್ಪನ ಮಗ ಎಂಬ ಲೆಕ್ಕ ಇದ್ದೇ ಇದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಪಾರ್ಕಿನ್ಸನ್ ಇದ್ದರೆ ಅಪಾಯ ಸುಮಾರು 2ರಿಂದ 3 ಪಟ್ಟು. ಎಂಜಲು ರಿಪೋರ್ಟ್ ಅದನ್ನು ಅಳಿಸುವುದಿಲ್ಲ.

ಆ ಹೆಚ್ಚುವರಿ ಅಪಾಯ ಎಲ್ಲಿಂದ ಬರುತ್ತದೆ? ಒಂದು ಜೀನಿನಿಂದಲ್ಲ, ಹತ್ತಾರು ಕಡೆಯಿಂದ ಚೂರು ಚೂರಾಗಿ. 2019ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಇಂಥ 90 ಗುರುತುಗಳನ್ನು ಪಟ್ಟಿ ಮಾಡಿದರು. ಒಂದೊಂದರ ತೂಕ ಎಷ್ಟು ಕಡಿಮೆಯೆಂದರೆ, ಬಿಡಿಯಾಗಿ ಯಾರಿಗೂ ಹೇಳುವ ಹಾಗೇ ಇಲ್ಲ. ಆ 90ನ್ನೂ ಕೂಡಿಸಿದರೆ ವಂಶದಿಂದ ಬರುವ ಅಪಾಯದಲ್ಲಿ 16ರಿಂದ 36 ಶೇಕಡಾದಷ್ಟಕ್ಕೆ ಮಾತ್ರ ಲೆಕ್ಕ ಸಿಗುತ್ತದೆ. ಎನ್370ಎಸ್ ಇರುವ ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿರಲು ಈ ಸಣ್ಣ ಗುರುತುಗಳೂ ಒಂದು ಕಾರಣ.

ವಂಶ ಎಂದರೆ ಎಲ್ಲವೂ ಅಲ್ಲ ಎನ್ನುವುದಕ್ಕೆ ಅವಳಿಗಳನ್ನು ನೋಡಬೇಕು. 1999ರಲ್ಲಿ ಎರಡನೇ ಮಹಾಯುದ್ಧದಲ್ಲಿ ಕೆಲಸ ಮಾಡಿದ ಅಮೆರಿಕದ ಅವಳಿ ಸೈನಿಕರ ಮೇಲೆ ಒಂದು ಅಧ್ಯಯನ ಬಂತು. 50 ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ, ಜೀನುಗಳೆಲ್ಲ ಒಂದೇ ಆಗಿರುವ ಅವಳಿಗೂ ಸಾಧಾರಣ ಅವಳಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಒಬ್ಬನಿಗೆ ಬಂದಿದೆ, ಅಚ್ಚು ಹಾಕಿದಂತಿರುವ ಇನ್ನೊಬ್ಬನಿಗೆ ಇಲ್ಲ. 50ರೊಳಗೆ ಬಂದವರಲ್ಲಿ ಮಾತ್ರ ಜೀನಿನ ಕೈ ಎದ್ದು ಕಂಡಿತು. ಎಳೆಯ ವಯಸ್ಸಿನ ಪಾರ್ಕಿನ್ಸನ್ ಮತ್ತು ವಯಸ್ಸಾದ ಮೇಲಿನ ಪಾರ್ಕಿನ್ಸನ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಎನ್ನುವುದು ಅದಕ್ಕೇ.

ಮಗಳ ವಿಷಯಕ್ಕೆ ಬರುತ್ತೇನೆ. ಬೇಡ. ಈ ವೇರಿಯಂಟ್ ಅವಳಿಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿದ್ದರೂ ಅದರ ಪರಿಣಾಮ ಏನಿದ್ದರೂ ಐವತ್ತು ಅರವತ್ತು ವರ್ಷದ ನಂತರದ ಮಾತು. ಈಗ ತಿಳಿದು ಮಾಡುವ ಚಿಕಿತ್ಸೆ ಇಲ್ಲ. ದೊಡ್ಡವರಾದ ಮೇಲೆ ಬರುವ, ತಡೆಯಲು ಔಷಧಿ ಇಲ್ಲದ ಕಾಯಿಲೆಗಳಿಗೆ ಮಕ್ಕಳ ಟೆಸ್ಟ್ ಮಾಡಬಾರದು ಎಂಬುದನ್ನು ಜೀನ್ ತಜ್ಞರೆಲ್ಲ ಹೆಚ್ಚುಕಡಿಮೆ ಒಪ್ಪುತ್ತಾರೆ. ತಿಳಿಯಬೇಕೋ ಬೇಡವೋ ಎಂದು ಆಯ್ದುಕೊಳ್ಳುವ ಹಕ್ಕು ಅವಳದು. ನೀವು ಈ ಒಂದು ತಿಂಗಳು ಹೇಗೆ ಕಳೆದಿರಿ ಎಂದು ನೆನಪಿಸಿಕೊಳ್ಳಿ. ಅದನ್ನು 10 ವರ್ಷದ ಮಗುವಿನ ತಲೆಗೆ ಕಟ್ಟುವುದು ಬೇಡ.

ಆದರೆ ನೀವು ಕೇಳದ ಒಂದು ಪ್ರಶ್ನೆ ಇದೆ, ನಿಮ್ಮ ರಿಪೋರ್ಟಿನಿಂದ ಈಗಲೇ ಉಪಯೋಗಕ್ಕೆ ಬರುವುದು ಅದೊಂದೇ. ನೀವು ಗೋಶೆ ಕಾಯಿಲೆಯ ಒಂದು ಪ್ರತಿ ಹೊತ್ತಿದ್ದೀರಿ. ನಿಮ್ಮ ಗಂಡನಿಗೂ ಜಿಬಿಎ1ರಲ್ಲಿ ಯಾವುದಾದರೂ ಕೆಟ್ಟ ವೇರಿಯಂಟ್ ಇದ್ದರೆ, ಪ್ರತಿ ಮಗುವಿಗೂ ಗೋಶೆ ಬರುವ ಸಂಭವ ನಾಲ್ಕರಲ್ಲಿ ಒಂದು. ಗಂಡ ಹೆಂಡತಿ ರಕ್ತಸಂಬಂಧಿಗಳಾಗಿದ್ದರೆ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಇನ್ನೊಂದು ಮಗು ಬೇಕೆಂದಿದ್ದರೆ, ಅಥವಾ ಮಗಳಿಗೆ ಹೊಟ್ಟೆ ಊದಿಕೊಂಡಿರುವುದು, ರಕ್ತ ಕಡಿಮೆ ಇರುವುದು, ಮೂಳೆ ನೋವು ಇಂಥದ್ದೇನಾದರೂ ಇದ್ದರೆ, ಗಂಡನ ಜಿಬಿಎ1 ನೋಡಿಸುವುದಕ್ಕೆ ಅರ್ಥ ಇದೆ. ಗೋಶೆಗೆ 1991ರಿಂದ ಕಿಣ್ವವನ್ನೇ ರಕ್ತನಾಳಕ್ಕೆ ಕೊಡುವ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಆ ಕಿಣ್ವವನ್ನೇ ನನಗೂ ಕೊಟ್ಟರೆ ಪಾರ್ಕಿನ್ಸನ್ ತಪ್ಪುತ್ತದಲ್ಲ ಎಂದು ನಿಮಗೆ ಅನಿಸಬಹುದು. ತಪ್ಪುವುದಿಲ್ಲ. ಅದು ದೊಡ್ಡ ಅಣು, ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ದಾಟುವ ಮಾತ್ರೆಗಳನ್ನೂ ನೋಡಿದ್ದಾರೆ. ವೆಂಗ್ಲುಸ್ಟಾಟ್ ಎಂಬುದು ಆ ಕೊಬ್ಬು ತಯಾರಾಗುವುದನ್ನೇ ಕಡಿಮೆ ಮಾಡುವ ಔಷಧಿ. ಯೋಚಿಸಿದರೆ ಸರಿಯಾದ ದಾರಿ. ಆದರೆ ಜಿಬಿಎ1 ವೇರಿಯಂಟ್ ಇರುವ ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟಾಗ ಉಪಯೋಗವಾಗಲಿಲ್ಲ. 2021ರಲ್ಲಿ ಆ ಪ್ರಯೋಗ ನಿಂತಿತು. ಈಗ ಹೆಚ್ಚು ಆಸೆ ಇರುವುದು ಆಂಬ್ರಾಕ್ಸಾಲ್ ಮೇಲೆ. ಹೌದು, ಕೆಮ್ಮಿನ ಸಿರಪ್‌ನಲ್ಲಿ ಇರುವ ಅದೇ ಆಂಬ್ರಾಕ್ಸಾಲ್. ಕಿಣ್ವದ ಆಕಾರವನ್ನು ಸರಿಪಡಿಸಿ ಲೈಸೋಸೋಮ್‌ವರೆಗೆ ತಲುಪಿಸಲು ಅದು ನೆರವಾಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, 17 ರೋಗಿಗಳಲ್ಲಿ, ಅದು ಮೆದುಳಿನ ದ್ರವಕ್ಕೆ ತಲುಪುತ್ತದೆ ಎಂದು ಕಂಡಿತು.

ಇಷ್ಟು ಓದಿ ಸಿರಪ್ ಬಾಟಲಿ ತರಲು ಹೊರಡಬೇಡಿ. ಆ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 1.26 ಗ್ರಾಂ. ಕೆಮ್ಮಿಗೆ ಕೊಡುವ ಪ್ರಮಾಣಕ್ಕಿಂತ 10 ಪಟ್ಟಿಗೂ ಹೆಚ್ಚು. ಅದೂ ಕಾಯಿಲೆ ಈಗಾಗಲೇ ಇರುವವರಿಗೆ, ವೈದ್ಯರ ಕಣ್ಗಾವಲಿನಲ್ಲಿ. ವೇರಿಯಂಟ್ ಮಾತ್ರ ಇರುವ, ಆರೋಗ್ಯವಾಗಿರುವ ಒಬ್ಬ 38 ವರ್ಷದವರು ಅದನ್ನು ತಿಂದರೆ ಪಾರ್ಕಿನ್ಸನ್ ತಡೆಯುತ್ತದೆ ಎಂದು ಯಾರೂ ತೋರಿಸಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಲೆವೊಡೋಪಾ ಮಾತ್ರೆ ಕೂಡ ಹಾಗೆಯೇ. ಅದು ಲಕ್ಷಣಕ್ಕೆ ಔಷಧಿ. ಲಕ್ಷಣವೇ ಇಲ್ಲದಿದ್ದರೆ ಅದಕ್ಕೆ ಕೆಲಸ ಇಲ್ಲ.

ಹಾಗಾದರೆ ಮಾಡಲು ಏನೂ ಇಲ್ಲವೇ? ಒಂದಿದೆ, ಕೇಳಲು ಸಪ್ಪೆ ಅನಿಸುತ್ತದೆ: ಉಸಿರು ಏರುವಷ್ಟು ವ್ಯಾಯಾಮ, ವಾರದಲ್ಲಿ ಹೆಚ್ಚಿನ ದಿನ. ಜಾಸ್ತಿ ಓಡಾಡುವವರಲ್ಲಿ ಪಾರ್ಕಿನ್ಸನ್ ಕಡಿಮೆ ಎಂದು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ. ಕಾಯಿಲೆಯ ಮೊದಲ ಹಂತದಲ್ಲಿರುವವರು ಓಡಾಟ ತಾನಾಗಿಯೇ ಕಡಿಮೆ ಮಾಡಿರಬಹುದು, ಅದರಿಂದಲೂ ಸಂಖ್ಯೆ ಹಾಗೆ ಕಾಣಬಹುದು. ಇದು ಒಪ್ಪಬೇಕಾದ ಮಾತು. ಆದರೂ ನಾನು ಪಣ ಕಟ್ಟುವುದಾದರೆ ವ್ಯಾಯಾಮದ ಮೇಲೇ. ಕಾಫಿ ಕುಡಿಯುವವರಲ್ಲೂ ಕಡಿಮೆ ಎಂದು ಕಂಡಿದೆ, ಹಾಗಾಗಿ ನಿಮ್ಮ ಕಾಫಿ ಬಿಡಿಸಲು ನನಗೆ ಕಾರಣ ಇಲ್ಲ. ರಾತ್ರಿಯದನ್ನು ಮಾತ್ರ ಬಿಡಿ. ಸಿಗರೇಟು ಸೇದುವವರಲ್ಲೂ ಕಡಿಮೆ ಕಂಡಿದೆ, ಅದನ್ನು ಯಾರೂ ಔಷಧಿ ಎಂದುಕೊಳ್ಳಬಾರದು ಎಂದು ಬಿಡಿಸಿ ಹೇಳಬೇಕಿಲ್ಲ ತಾನೆ.

ತಪ್ಪಿಸಬೇಕಾದದ್ದು ಎಂದರೆ ತಲೆಗೆ ಪೆಟ್ಟು ಮತ್ತು ಕೆಲವು ರಾಸಾಯನಿಕಗಳು. ಪ್ಯಾರಾಕ್ವಾಟ್, ರೊಟೆನೋನ್ ಎಂಬ ಕೃಷಿ ವಿಷಗಳಿಗೂ ಪಾರ್ಕಿನ್ಸನ್‌ಗೂ ನಂಟು ಕಂಡಿದೆ. ಲೋಹದ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಇನ್ನೊಂದು. ಅಮೆರಿಕದ ಕ್ಯಾಂಪ್ ಲಜೂನ್ ಸೇನಾ ನೆಲೆಯಲ್ಲಿ ಅದು ಬೆರೆತ ನೀರು ಕುಡಿದ ಯೋಧರಲ್ಲಿ ಪಾರ್ಕಿನ್ಸನ್ ಅಪಾಯ 70 ಶೇಕಡಾ ಹೆಚ್ಚಿತ್ತು ಎಂದು 2023ರಲ್ಲಿ ವರದಿಯಾಯಿತು. ನಿಮ್ಮ ಕೆಲಸದಲ್ಲಿ ಇಂಥದ್ದೇನಾದರೂ ಇದ್ದರೆ ಕೈಗವಸು, ಮಾಸ್ಕ್ ಸಾಲದು. ಕೆಲಸದ ರೀತಿಯನ್ನೇ ಬದಲಿಸಲು ನೋಡಿ.

ವಾಸನೆ ಗೊತ್ತಾಗದಿರುವುದು, ಹಳೆಯ ಮಲಬದ್ಧತೆ, ಕನಸಿನಲ್ಲಿ ಕೂಗಾಡಿ ಕೈಕಾಲು ಬೀಸುವುದು, ಇವು ಕಾಯಿಲೆಗೆ ವರ್ಷಗಳ ಮೊದಲೇ ಕೆಲವರಲ್ಲಿ ಕಾಣುತ್ತವೆ ಎಂದು ನೀವು ಎಲ್ಲಾದರೂ ಓದೇ ಓದುತ್ತೀರಿ. ನಾನೇ ಹೇಳಿಬಿಡುತ್ತೇನೆ. ಇವುಗಳಲ್ಲಿ ತೂಕ ಇರುವುದು ಮೂರನೆಯದಕ್ಕೆ. ಮೊದಲಿನ ಎರಡಕ್ಕೆ ಬೇರೆ ನೂರು ಕಾರಣ ಇವೆ. ದಿನಾ ಬೆಳಗ್ಗೆ ಒಗ್ಗರಣೆ ಡಬ್ಬಿ ಮೂಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಡಿ. ಬೆನ್ನುಹುರಿಯ ದ್ರವದಲ್ಲಿ ಗಂಟುಕಟ್ಟುವ ಸಿನ್ಯೂಕ್ಲಿನ್ ಇದೆಯೇ ಎಂದು ನೋಡುವ ಟೆಸ್ಟ್ ಕೂಡ ಈಗ ಬಂದಿದೆ. ಸಂಶೋಧನೆಗೆ ಬಹಳ ಒಳ್ಳೆಯದು. ಲಕ್ಷಣ ಇಲ್ಲದ ನಿಮಗೆ ಅದರಿಂದ ಇನ್ನೊಂದು ಚಿಂತೆ ಸಿಗಬಹುದು, ಚಿಕಿತ್ಸೆ ಸಿಗುವುದಿಲ್ಲ.

ಕೊನೆಗೆ ಕಾಗದಪತ್ರದ ಕೆಲಸ. ಎಂಜಲು ಟೆಸ್ಟಿನ ಫಲಿತಾಂಶವನ್ನು ಆಸ್ಪತ್ರೆ ಮಟ್ಟದ ಲ್ಯಾಬಿನಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಜಿಬಿಎ1ರ ಪಕ್ಕದಲ್ಲೇ ಅದರ ನಕಲಿನಂಥ, ಕೆಲಸಕ್ಕೆ ಬಾರದ ಇನ್ನೊಂದು ಜೀನು ಕೂತಿದೆ. ಎರಡೂ ನೂರಕ್ಕೆ 96ರಷ್ಟು ಒಂದೇ ಥರ. ಜಾಗ್ರತೆಯಿಂದ ಓದದ ಲ್ಯಾಬ್ ಅದನ್ನು ಇದು ಎಂದುಕೊಳ್ಳುವುದುಂಟು. ಹೊಸ ರಿಪೋರ್ಟ್ ಬಂದಾಗ ಅದರಲ್ಲಿ ಎನ್370ಎಸ್ ಬದಲು ಎನ್409ಎಸ್ ಎಂದಿದ್ದರೆ ಹೊಸದೇನೋ ಸೇರಿತು ಎಂದು ಗಾಬರಿಯಾಗಬೇಡಿ. ಎರಡೂ ಒಂದೇ. ಪ್ರೋಟೀನಿನ ಮುಂಭಾಗದ 39 ಕೊಂಡಿಗಳನ್ನು ಹಿಂದೆ ಎಣಿಸುತ್ತಿರಲಿಲ್ಲ, ಈಗ ಎಣಿಸುತ್ತಾರೆ. ಎಲ್444ಪಿಗೆ ಎಲ್483ಪಿ ಎಂಬ ಹೆಸರು ಬಂದದ್ದೂ ಹೀಗೆಯೇ. ಅಪ್ಪನ ರಿಪೋರ್ಟ್ ಕೈಗೆ ಬಂದ ಮೇಲೆ ಎರಡನ್ನೂ ಹಿಡಿದುಕೊಂಡು ಜೀನ್ ರಿಪೋರ್ಟಿನ ಅರ್ಥ ಬಿಡಿಸಿ ಹೇಳುವ ಒಬ್ಬ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ಆಗುವುದಾದರೆ ತಮ್ಮನನ್ನೂ ಕರೆದುಕೊಂಡು.